ದೊಡ್ಡ ದಾನಿಗಳ ಹುಡುಕಾಟ: ಹಳೆ ರಿಜಿಸ್ಟರಾ, ಸರ್ಕಾರಿ ದಾಖಲೆನಾ, ಸಾಫ್ಟ್‌ವೇರಾ?

2022ರ ಫೆಬ್ರವರಿಯಲ್ಲಿ ಮೈಂಡ್‌ಟ್ರೀ ಸಾಫ್ಟ್‌ವೇರ್ ಕಂಪನಿ ಕಟ್ಟಿದವರಲ್ಲಿ ಇಬ್ಬರಾದ ಸುಬ್ರತೋ ಬಾಗ್ಚಿ ಮತ್ತು ಎನ್.ಎಸ್. ಪಾರ್ಥಸಾರಥಿ ಅವರ ಕುಟುಂಬಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಆಸ್ಪತ್ರೆ ಕಟ್ಟಲು 425 ಕೋಟಿ ರೂಪಾಯಿ ಕೊಟ್ಟವು. ಮರುವರ್ಷ ಜೂನ್‌ನಲ್ಲಿ ನಂದನ್ ನಿಲೇಕಣಿ ತಾವು ಓದಿದ ಐಐಟಿ ಬಾಂಬೆಗೆ 315 ಕೋಟಿ ಕೊಟ್ಟರು. 2024ರ ಆಗಸ್ಟ್‌ನಲ್ಲಿ ಕೃಷ್ಣ ಚಿವುಕುಲ ಐಐಟಿ ಮದ್ರಾಸಿಗೆ 228 ಕೋಟಿ ಕೊಟ್ಟರು. ಇಂಥ ಸುದ್ದಿ ಪೇಪರಿನಲ್ಲಿ ಬಂದ ವಾರವೇ ನಮ್ಮ ಕಡೆಯ ಕಾಲೇಜುಗಳ ಆಡಳಿತ ಮಂಡಳಿ ಮೀಟಿಂಗ್‌ನಲ್ಲಿ ಒಂದು ಮಾತು ಏಳುತ್ತದೆ: "ನಮ್ಮಲ್ಲೂ ಅಂಥವರು ಯಾರಾದರೂ ಓದಿರಬೇಕಲ್ರೀ, ಹುಡುಕಿ."

ಆ ಹುಡುಕುವ ಕೆಲಸ ನನ್ನದು. ಒಂದು ಹಳೆಯ ವಿದ್ಯಾಸಂಸ್ಥೆಯ ಹಳೆ ವಿದ್ಯಾರ್ಥಿ ವಿಭಾಗದಲ್ಲಿದ್ದೇನೆ. ದಾನ ಕೇಳಲು ಹೋಗುವವರು ಪ್ರಾಂಶುಪಾಲರು, ಕಾರ್ಯದರ್ಶಿಗಳು. ಯಾರನ್ನು ಕೇಳಬೇಕು, ಯಾವುದಕ್ಕೆ ಕೇಳಬೇಕು, ಎಷ್ಟು ಕೇಳಿದರೆ ಸರಿ, ಯಾರನ್ನು ಕೇಳಲೇಬಾರದು ಅಂತ ಮೊದಲೇ ಓದಿ ಬರೆದಿಟ್ಟು ಕೊಡುವುದು ನನ್ನ ಪಾಲು. ಅಮೆರಿಕದಲ್ಲಿ ಇದನ್ನು ಪ್ರಾಸ್ಪೆಕ್ಟ್ ರಿಸರ್ಚ್ ಅನ್ನುತ್ತಾರೆ, ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೇ ಒಂದು ತಂಡ ಇರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಒಬ್ಬರು, ಒಂದು ಕಂಪ್ಯೂಟರ್, ಒಂದು ಬೀರು.

ಹೊಸದಾಗಿ ಈ ವಿಭಾಗ ತೆರೆಯುವ ಕಾಲೇಜಿನವರು ಫೋನ್ ಮಾಡಿದರೆ ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್ ತಗೊಳ್ಳೋಣ?" ಅಂತ. ನನ್ನ ಉತ್ತರ ಪ್ರತಿಸಲವೂ ಒಂದೇ: ಮೊದಲು ಬೀರು ತೆಗೆಯಿರಿ. ಯಾಕೆ ಅಂತ ಹೇಳುವುದಕ್ಕೆ ಎಲ್ಲ ದಾರಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲು, ಹುಡುಕುತ್ತಿರುವುದು ಏನನ್ನು?

ಮೂರು ವಿಷಯ. ನಂಟು, ತಾಕತ್ತು, ಒಲವು. ಈ ಮನುಷ್ಯರಿಗೂ ನಮ್ಮ ಸಂಸ್ಥೆಗೂ ಏನು ಸಂಬಂಧ? ಕೊಡುವ ಶಕ್ತಿ ಎಷ್ಟು? ಅವರ ಮನಸ್ಸು ಯಾವುದರ ಮೇಲಿದೆ? ತಾಕತ್ತು ಕಣ್ಣಿಗೆ ಬೇಗ ಬೀಳುತ್ತದೆ. ಕಾರು, ಮನೆ, ಪೇಪರಿನಲ್ಲಿ ಫೋಟೋ. ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಅಲ್ಲೇ ಎಡವುತ್ತಾರೆ.

ಮೈಕೆಲ್ ಬ್ಲೂಮ್‌ಬರ್ಗ್ 2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ 180 ಕೋಟಿ ಡಾಲರ್ ಕೊಟ್ಟರು. ಅದೇ ವ್ಯಕ್ತಿ ಡಿಗ್ರಿ ಮುಗಿಸಿದ ಮರುವರ್ಷ, 1965ರಲ್ಲಿ, ಅದೇ ಕಾಲೇಜಿಗೆ ಕೊಟ್ಟಿದ್ದು 5 ಡಾಲರ್. ಆಗ ಕೈಲಾಗಿದ್ದು ಅಷ್ಟೇ. ನಿಲೇಕಣಿಯವರ 315 ಕೋಟಿಗೂ ಮುಂಚೆ 85 ಕೋಟಿ ಹೋಗಿತ್ತು. ಅವರು ಐಐಟಿ ಸೇರಿದ್ದು 1973ರಲ್ಲಿ, ದೊಡ್ಡ ಮೊತ್ತ ಬಂದದ್ದು ಆ ನಂಟಿಗೆ 50 ವರ್ಷ ತುಂಬಿದಾಗ. ಅಂದರೆ ನನ್ನಂಥವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ರಸೀದಿ ಪುಸ್ತಕದಲ್ಲಿ ಇವತ್ತು 5 ಡಾಲರ್ ಹಂತದಲ್ಲಿ ಇರುವವರು ಯಾರು?

ಒಲವಿನ ಬಲಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಓದಿದ್ದು ಐಐಟಿ ಮದ್ರಾಸಿನಲ್ಲಿ. ಆದರೆ ಮೆದುಳಿನ ಸಂಶೋಧನೆ ಮೇಲೆ ಅವರಿಗೆ ಇದ್ದ ಆಸಕ್ತಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಒಂದು ಇಡೀ ಕೇಂದ್ರವನ್ನೇ ತಂದುಕೊಟ್ಟಿತು. ಅವರ ಪ್ರತೀಕ್ಷಾ ಟ್ರಸ್ಟ್ ಅದಕ್ಕೆ ಕೊಡಲು ಒಪ್ಪಿದ್ದು 225 ಕೋಟಿ. ಹಳೆ ವಿದ್ಯಾರ್ಥಿಗಳಲ್ಲಿ ಮಾತ್ರ ಹುಡುಕಿ ಕೂತಿದ್ದರೆ ಆ ಹೆಸರು ಸಿಗುತ್ತಲೇ ಇರಲಿಲ್ಲ, ಅಲ್ವಾ?

ನಿಮ್ಮದೇ ಬೀರು

ಪ್ರವೇಶ ರಿಜಿಸ್ಟರ್, ಫೀ ರಿಜಿಸ್ಟರ್, ಹಾಸ್ಟೆಲ್ ಪುಸ್ತಕ, ವಾರ್ಷಿಕ ಸಂಚಿಕೆಗಳು, ಗ್ರೂಪ್ ಫೋಟೋ ಕೆಳಗಿನ ಹೆಸರುಗಳು, ಕಟ್ಟಡ ನಿಧಿಯ ರಸೀದಿ ಪ್ರತಿಗಳು. ಯಾರೂ ಇವನ್ನು ದಾನಿಗಳ ದಾಖಲೆ ಅಂತ ಕರೆಯುವುದಿಲ್ಲ. ಆದರೆ ಇದಕ್ಕಿಂತ ಒಳ್ಳೆಯ ದಾಖಲೆ ಎಲ್ಲಿಯೂ ಮಾರಾಟಕ್ಕಿಲ್ಲ.

ಅಕೌಂಟ್ಸ್ ವಿಭಾಗದಲ್ಲಿ ಇನ್ನೊಂದಿದೆ. 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ) ಇರುವ ಸಂಸ್ಥೆಗಳು 2021-22ರ ಹಣಕಾಸು ವರ್ಷದಿಂದ 10ಬಿಡಿ ಫಾರಂ ತುಂಬುತ್ತಿವೆ. ಯಾರು, ಎಷ್ಟು ಕೊಟ್ಟರು, ಅವರ ಗುರುತಿನ ಸಂಖ್ಯೆ ಏನು ಅಂತ ಪ್ರತಿವರ್ಷ ಆದಾಯ ತೆರಿಗೆ ಇಲಾಖೆಗೆ ಕೊಡುವ ಪಟ್ಟಿ ಅದು. ಲೆಕ್ಕಿಗರು ಅದನ್ನು ಮೇ ತಿಂಗಳ ಕೊನೆಗೆ ಸಲ್ಲಿಸಿ ಮರೆತುಬಿಡುತ್ತಾರೆ. ಹೋಗಿ ಕೇಳಿ. ಪ್ರತಿವರ್ಷ ತಪ್ಪದೆ 5,000 ಕೊಡುವ ಒಬ್ಬರು ಸಿಕ್ಕೇ ಸಿಗುತ್ತಾರೆ. ಅವರಿಗೆ ಯಾರೂ ಒಂದು ಥ್ಯಾಂಕ್ಸ್ ಕೂಡ ಹೇಳಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕೊಟ್ಟಿರುವುದು ಪದಕಗಳ ಪಟ್ಟಿ. ಘಟಿಕೋತ್ಸವದ ದಿನ ಮೈಕಿನಲ್ಲಿ ಓದುತ್ತಾರಲ್ಲ, ಇಂಥವರ ಸ್ಮರಣಾರ್ಥ ಚಿನ್ನದ ಪದಕ ಅಂತ, ಆ ಪಟ್ಟಿ. ಅಲ್ಲಿರುವ ಪ್ರತಿ ಹೆಸರಿನ ಹಿಂದೆ ಒಂದು ಕುಟುಂಬ ಇದೆ. ಒಂದು ಸಲ 1984ರ ಒಂದು ಫೈಲ್ ತೆಗೆದೆ. ಇಂಕು ಪೆನ್ನಿನಲ್ಲಿ ಬರೆದ ಎರಡು ಪುಟದ ಪತ್ರ. ತೀರಿಹೋದ ಮಡದಿಯ ಹೆಸರಿನಲ್ಲಿ, ಗಣಿತದಲ್ಲಿ ಮೊದಲು ಬಂದ ಹುಡುಗಿಗೆ ಪದಕ ಕೊಡಬೇಕು ಅಂತ 10,000 ರೂಪಾಯಿ ದತ್ತಿ ಇಟ್ಟಿದ್ದರು. ಆಗ ಅದು ದೊಡ್ಡ ದುಡ್ಡು. ಈಗ ಆ ಹತ್ತು ಸಾವಿರಕ್ಕೆ ವರ್ಷಕ್ಕೆ ಬರುವ ಬಡ್ಡಿ ಆರೇಳು ನೂರು. ಒಂದು ಗ್ರಾಂ ಚಿನ್ನವೇ ಹತ್ತು ಸಾವಿರ ದಾಟಿದೆ. ಹಾಗಾಗಿ ಪದಕಕ್ಕೆ ಬರೀ ಚಿನ್ನದ ನೀರು. ಆ ಮನೆಗೆ ನಮ್ಮಿಂದ ಇಪ್ಪತ್ತು ವರ್ಷದಲ್ಲಿ ಒಂದು ಪತ್ರವೂ ಹೋಗಿರಲಿಲ್ಲ.

ಫೈಲಿನಲ್ಲಿದ್ದ ಹಳೆ ವಿಳಾಸ ಹಿಡಿದು ಮಗನನ್ನು ಹುಡುಕಿದೆವು. ಆ ವರ್ಷ ಪದಕ ಗೆದ್ದ ಹುಡುಗಿಯ ಫೋಟೋ, ಅವಳೇ ಬರೆದ ನಾಲ್ಕು ಸಾಲು ಕಳಿಸಿದೆವು. ದುಡ್ಡಿನ ಮಾತೇ ಎತ್ತಲಿಲ್ಲ. ಹತ್ತು ದಿನದಲ್ಲಿ ಫೋನ್ ಬಂತು. "ಅಮ್ಮನ ಹೆಸರಲ್ಲಿ ಇನ್ನೂ ಕೊಡ್ತಾ ಇದ್ದೀರಾ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಕೊಡುವ ಅಭ್ಯಾಸ ಮನೆತನದಲ್ಲೇ ಇದೆ ಅಂತ ಯಾವ ಸಾಫ್ಟ್‌ವೇರೂ ನನಗೆ ಹೇಳುತ್ತಿರಲಿಲ್ಲ.

ಬೀರುವಿನ ದಾರಿಗೆ ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ತುಂಬ ನಿಧಾನ. ಉತ್ತರ ಕರ್ನಾಟಕದ ಯಾವುದೇ ಹಳೆ ಬ್ಯಾಚಿನಲ್ಲಿ ಎಸ್.ಬಿ. ಪಾಟೀಲ ಅಂತ ನಾಲ್ಕು ಜನ ಸಿಗುತ್ತಾರೆ. ತಂದೆಯ ಹೆಸರು, ಊರು, ಹುಟ್ಟಿದ ತಾರೀಕು ಮೂರೂ ಕೂಡದೆ "ಇವರೇ ಅವರು" ಅಂತ ಬರೆಯಬೇಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಕಷ್ಟ. ಮದುವೆಯಾದ ಮೇಲೆ ಇನಿಷಿಯಲ್, ಅಡ್ಡಹೆಸರು, ಊರು ಎಲ್ಲ ಬದಲಾಗಿ ಅರ್ಧ ಬ್ಯಾಚೇ ಕಾಣೆಯಾಗುತ್ತದೆ. ಹೆಚ್ಚಿನ ಸಂಸ್ಥೆಗಳ ದಾನಿ ಪಟ್ಟಿಯಲ್ಲಿ ಹೆಂಗಸರು ಕಮ್ಮಿ ಇರಲು ಇದು ಒಂದು ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಅವರು ಕೊಡಲಿಲ್ಲ ಅಂತಲ್ಲ, ನಾವು ಹುಡುಕಲಿಲ್ಲ.

ರಿಜಿಸ್ಟರ್ ನೋಡದೆ ಹೋದರೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. ಒಬ್ಬ ದೊಡ್ಡ ಉದ್ಯಮಿ ನಮ್ಮಲ್ಲಿ ಓದಿದ್ದರು ಅಂತ ಗೊತ್ತಾದ ಕೂಡಲೇ ಹಾರ, ಶಾಲು ಹಿಡಿದುಕೊಂಡು ಹೋದೆವು. ಕಾಫಿ ಕೊಟ್ಟರು. ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಕೊನೇ ವರ್ಷ ಫೀ ಬಾಕಿ ಅಂತ ನನ್ನ ಹಾಲ್ ಟಿಕೆಟ್ ತಡೆ ಹಿಡಿದಿದ್ರಿ. ನಮ್ಮವ್ವ ಬಳೆ ಅಡ ಇಟ್ಟು ದುಡ್ಡು ತಂದ್ಲು." ವಾಪಸ್ ಬಂದು ಫೀ ರಿಜಿಸ್ಟರ್ ತೆಗೆದರೆ ಆ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದೇ ಇತ್ತು. ಮೊದಲೇ ನೋಡಿದ್ದರೆ ಶಾಲು ಹಿಡಿದು ಹೋಗುತ್ತಿರಲಿಲ್ಲ. ಕ್ಷಮೆ ಕೇಳಲು ಹೋಗುತ್ತಿದ್ದೆವು.

ಜನರ ನೆನಪು

ಇದು ಬೀರುವಿನ ಜೋಡಿ. ನಿವೃತ್ತ ಮೇಷ್ಟ್ರು, ಕಚೇರಿ ಸೂಪರಿಂಟೆಂಡೆಂಟ್, ಹಾಸ್ಟೆಲ್ ಮೆಸ್ ನಡೆಸುತ್ತಿದ್ದವರು. ಒಂದು ಬ್ಯಾಚಿನ 60 ಹೆಸರು ಪ್ರಿಂಟ್ ಹಾಕಿ, ಅದೇ ಬ್ಯಾಚಿನ ಮೂವರಿಗೆ ಬೇರೆಬೇರೆಯಾಗಿ ತೋರಿಸಿ. ಒಟ್ಟಿಗೆ ಕೂರಿಸಬೇಡಿ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆ ಆಡಿಸುತ್ತಾರೆ. ಯಾರು ಎಲ್ಲಿದ್ದಾರೆ, ಕಾಲೇಜಿನ ಬಗ್ಗೆ ಒಳ್ಳೆಯ ಮಾತಾಡುತ್ತಾರಾ, ಯಾರ ಮಾತು ಕೇಳುತ್ತಾರೆ ಅನ್ನುವುದು ಸಾಕು. ಮೂವರೂ ಗುರುತು ಹಾಕಿದ ಹೆಸರೇ ನಿಮ್ಮ ಮೊದಲ ಪಟ್ಟಿ.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಲು ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಜನರಿಂದ ದೇಣಿಗೆ ಎತ್ತಿದರು. ಅವರ ಕಾಲದಲ್ಲಿ ಇದ್ದ ದಾರಿ ಇದೊಂದೇ, ಜನರನ್ನು ಬಲ್ಲವರನ್ನು ಕೇಳುವುದು. ಇವತ್ತಿಗೂ ಇದರಷ್ಟು ಅಗ್ಗದ ದಾರಿ ಇನ್ನೊಂದಿಲ್ಲ.

ಅಪಾಯ ಒಂದೇ, ಹರಟೆ. ಕಾಯಿಲೆ, ಮನೆಜಗಳ, ವಿಚ್ಛೇದನ, ಜಾತಿ, ಇವು ಮಾತಿನಲ್ಲಿ ಬಂದೇ ಬರುತ್ತವೆ. ಬಂದದ್ದನ್ನು ಫೈಲಿನಲ್ಲಿ ಬರೆಯಬೇಡಿ. ನಮ್ಮಲ್ಲಿ ಎಷ್ಟೋ ಸಂಸ್ಥೆಗಳು ಒಂದೊಂದು ಸಮುದಾಯದ ಆಸರೆಯಲ್ಲಿ ಬೆಳೆದಿವೆ, ಹಾಗಾಗಿ ಜಾತಿ ಕಾಲಂ ಹಾಕುವ ಆಸೆ ಬರುತ್ತದೆ. ನಾನು ಹಾಕುವುದಿಲ್ಲ. ಸಮುದಾಯದ ಹೆಸರಿನಲ್ಲಿ ಕೊಡುವವರು ಅದನ್ನು ಅವರೇ ಬಾಯಿಬಿಟ್ಟು ಹೇಳುತ್ತಾರೆ.

ಎಲ್ಲರಿಗೂ ತೆರೆದಿರುವ ದಾಖಲೆಗಳು

ನಂಟು ಮತ್ತು ಒಲವು ಗೊತ್ತಾದ ಮೇಲೆ ತಾಕತ್ತಿನ ಪ್ರಶ್ನೆ. ಇಲ್ಲಿ ಸರ್ಕಾರಿ ದಾಖಲೆಗಳನ್ನು ಮೀರಿಸುವುದು ಯಾವುದೂ ಇಲ್ಲ. ಬೆಲೆಯೂ ಕಮ್ಮಿ.

ಷೇರುಪೇಟೆಯಲ್ಲಿ ಇರುವ ಕಂಪನಿ ಪ್ರತಿ ಮೂರು ತಿಂಗಳಿಗೊಮ್ಮೆ ತನ್ನ ಷೇರು ಯಾರ ಹತ್ತಿರ ಎಷ್ಟಿದೆ ಅಂತ ಪ್ರಕಟಿಸಲೇಬೇಕು. ಪ್ರವರ್ತಕರ ಕುಟುಂಬದವರ ಹೆಸರು ಪೂರ್ತಿ ಇರುತ್ತದೆ, ಹೊರಗಿನವರಲ್ಲಿ ಶೇಕಡ 1 ಮುಟ್ಟಿದವರ ಹೆಸರೂ ಇರುತ್ತದೆ. ಇದನ್ನು ಓದುವ ರೀತಿ ತೋರಿಸುತ್ತೇನೆ. 3,000 ಕೋಟಿ ಬೆಲೆಯ ಒಂದು ಕಂಪನಿ ಅಂದುಕೊಳ್ಳಿ. ನಿಮ್ಮ ಹಳೆ ವಿದ್ಯಾರ್ಥಿನಿಯ ಪಾಲು ಶೇಕಡ 2. ಅಂದರೆ 60 ಕೋಟಿ. ಮಂಡಳಿಯವರು ಇಲ್ಲೇ ಕುಣಿದುಬಿಡುತ್ತಾರೆ, "ಹತ್ತು ಕೋಟಿ ಕೇಳೋಣ." ತಡೀರಿ. ಪಕ್ಕದ ಕಾಲಂ ನೋಡಿ, ಅದರಲ್ಲಿ ಅರ್ಧ ಷೇರು ಸಾಲಕ್ಕೆ ಒತ್ತೆ ಇಟ್ಟಿದೆ. ಉಳಿದದ್ದು ಮನೆತನದ ಹಿಡಿತ, ಮಾರುವ ಮಾತಿಲ್ಲ. ಕೈಗೆ ಬರುವುದು ಡಿವಿಡೆಂಡ್. ಅದು ಬೆಲೆಯ ಶೇಕಡ 1 ಅಂದರೆ ವರ್ಷಕ್ಕೆ 60 ಲಕ್ಷ, ಅದರಲ್ಲಿ ತೆರಿಗೆ ಬೇರೆ. ಅವರನ್ನು ಐದು ವರ್ಷಕ್ಕೆ ಹಂಚಿ 50 ಲಕ್ಷ ಕೇಳಿದರೆ ಅದು ಯೋಚನೆ ಮಾಡಿ ಕೇಳಿದಂತೆ. ಹತ್ತು ಕೋಟಿ ಕೇಳಿದರೆ ಲೆಕ್ಕ ಗೊತ್ತಿಲ್ಲದವರು ಅಂತ ಅವರಿಗೆ ಅಲ್ಲೇ ತಿಳಿದುಹೋಗುತ್ತದೆ.

ಲೆಕ್ಕ ಬದಲಾಗುವುದು ಷೇರು ಮಾರಿದಾಗ. ಹೊಸದಾಗಿ ಷೇರುಪೇಟೆಗೆ ಬರುವ ಕಂಪನಿ ಷೇರುಪೇಟೆಯ ನಿಯಂತ್ರಕ ಸೆಬಿಗೆ ಸಲ್ಲಿಸುವ ಕರಡು ಪತ್ರ ನಮ್ಮ ಕಸುಬಿಗೆ ಚಿನ್ನದ ಗಣಿ. ಯಾರು ಎಷ್ಟು ಷೇರು ಮಾರುತ್ತಿದ್ದಾರೆ ಅನ್ನುವುದು ಅದರಲ್ಲಿದೆ. ಅದಕ್ಕಿಂತ ದೊಡ್ಡ ವಿಷಯ, ಪ್ರವರ್ತಕರು ಮತ್ತು ನಿರ್ದೇಶಕರು ಯಾವ ವಿಶ್ವವಿದ್ಯಾಲಯದಿಂದ ಯಾವ ಡಿಗ್ರಿ ಪಡೆದರು ಅಂತಲೂ ಅದರಲ್ಲಿ ಬರೆದಿರುತ್ತಾರೆ. ನೂರಾರು ಪುಟ ಓದಬೇಕಿಲ್ಲ. ಫೈಲ್ ತೆರೆದು ನಿಮ್ಮ ವಿಶ್ವವಿದ್ಯಾಲಯದ ಹೆಸರು ಹುಡುಕಿ. ಹಳೆಯ ಹೆಸರಿನಲ್ಲೂ ಹುಡುಕಿ.

ಷೇರುಪೇಟೆಯಲ್ಲಿ ಇಲ್ಲದ ಕಂಪನಿಗೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್. ಕಂಪನಿಯ ಮೇಲ್ನೋಟದ ವಿವರ ಉಚಿತ. ಅದು ಸಲ್ಲಿಸಿದ ದಾಖಲೆಗಳನ್ನು ನೋಡಲು ಒಂದು ಕಂಪನಿಗೆ 100 ರೂಪಾಯಿ. ಬ್ಯಾಲೆನ್ಸ್ ಶೀಟ್ ಓದಲು ಬಾರದಿದ್ದರೆ ನಿಮ್ಮದೇ ಕಾಮರ್ಸ್ ವಿಭಾಗದ ಮೇಷ್ಟ್ರನ್ನು ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ.

ಇನ್ನು ಸಿಎಸ್ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ ದುಡ್ಡು. ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ, ಇದರಲ್ಲಿ ಒಂದನ್ನು ಮುಟ್ಟಿದರೂ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕಂಪನಿ ಯಾವ ರಾಜ್ಯದಲ್ಲಿ ಯಾವ ಕ್ಷೇತ್ರಕ್ಕೆ ಎಷ್ಟು ಕೊಟ್ಟಿತು ಅಂತ ಸರ್ಕಾರದ ಸಿಎಸ್ಆರ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಇಲ್ಲಿ ಎರಡು ವಿಷಯ ಮರೆಯಬೇಡಿ. ನಿಮ್ಮ ಸಂಸ್ಥೆ ಸಿಎಸ್ಆರ್-1 ನೋಂದಣಿ ಮಾಡಿಸಿರಬೇಕು. ಎರಡನೆಯದು, ಮೂಲನಿಧಿಗೆ (ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ನಿಧಿ) ಕೊಟ್ಟ ದುಡ್ಡು 2021ರ ಜನವರಿಯಿಂದ ಸಿಎಸ್ಆರ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕಂಪನಿಯನ್ನು "ದತ್ತಿ ಪೀಠಕ್ಕೆ ಕೊಡಿ" ಅಂತ, ಅಂದರೆ ಅಂಥ ನಿಧಿಯ ಬಡ್ಡಿಯಲ್ಲಿ ನಡೆಯುವ ಪ್ರಾಧ್ಯಾಪಕ ಹುದ್ದೆಗೆ ಸಿಎಸ್ಆರ್ ದುಡ್ಡು ಕೇಳಿದರೆ ಅವರು ಮನಸ್ಸಿದ್ದರೂ ಕೊಡಲಾರರು. ಲ್ಯಾಬ್ ಕೇಳಿ, ವಿದ್ಯಾರ್ಥಿವೇತನ ಕೇಳಿ. ದತ್ತಿ ಪೀಠವನ್ನು ಅದೇ ಕಂಪನಿಯ ಮಾಲೀಕರ ಸ್ವಂತ ದುಡ್ಡಿನಿಂದ ಕೇಳಿ. ಎರಡೂ ಬೇರೆಬೇರೆ ಜೇಬು.

ರಾಜಕಾರಣಿಗಳ ಆಸ್ತಿ ಅವರ ಚುನಾವಣಾ ಪ್ರಮಾಣಪತ್ರದಲ್ಲೇ ಇರುತ್ತದೆ, ಮೈನೇತಾ ವೆಬ್‌ಸೈಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಪಹಣಿ, ಋಣಭಾರ ಪತ್ರ ತೆಗೆದು ಒಬ್ಬರ ಜಮೀನು ಎಣಿಸುವುದನ್ನು ಮಾತ್ರ ನಾನು ಬಿಟ್ಟಿದ್ದೇನೆ. ಅಮೆರಿಕದಲ್ಲಿ ಮನೆ ಬೆಲೆ ನೋಡುವುದು ಮಾಮೂಲಿ. ನಮ್ಮಲ್ಲಿ ಜಮೀನು ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿ, ಕಾಗದದ ಬೆಲೆಯೇ ಬೇರೆ, ಪೇಟೆ ಬೆಲೆಯೇ ಬೇರೆ. ಸಿಗುವ ಮಾಹಿತಿ ಕಮ್ಮಿ. ಗೊತ್ತಾದರೆ ಎದುರಿನವರ ಮನಸ್ಸು ಮುರಿಯುವುದಂತೂ ಖಂಡಿತ.

ಶ್ರೀಮಂತರ ಪಟ್ಟಿ, ಲಿಂಕ್ಡ್‌ಇನ್

ಫೋರ್ಬ್ಸ್, ಹುರೂನ್ ಪಟ್ಟಿಗಳನ್ನು ನಾನು ವರ್ಷಕ್ಕೊಮ್ಮೆ ತಿರುವಿ ಹಾಕುತ್ತೇನೆ, ಅಷ್ಟೇ. ಅಲ್ಲಿರುವ ಹೆಸರುಗಳ ಬಾಗಿಲ ಮುಂದೆ ದೇಶದ ಎಲ್ಲ ಸಂಸ್ಥೆಗಳೂ ಸಾಲು ನಿಂತಿವೆ. ಅವರು ನಿಮ್ಮಲ್ಲಿ ಓದಿಲ್ಲ, ನಿಮ್ಮ ಊರಿನವರಲ್ಲ ಅಂದರೆ ಸುಮ್ನೆ ಸಮಯ ಹಾಳು. ಹುರೂನ್‌ನ ದಾನಿಗಳ ಪಟ್ಟಿ ಸ್ವಲ್ಪ ಉಪಯೋಗ, ಯಾರು ಯಾವ ಕೆಲಸಕ್ಕೆ ಕೊಡುತ್ತಾರೆ ಅಂತ ಗೊತ್ತಾಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಸಂಸ್ಥೆಯ ಪುಟಕ್ಕೆ ಹೋಗಿ ಊರು, ಕಂಪನಿ, ವರ್ಷ ಅಂತ ಸೋಸಬಹುದು. ಕೆಲಸದಲ್ಲಿರುವ ಇಂಜಿನಿಯರುಗಳು ಸಿಗುತ್ತಾರೆ. ದಾವಣಗೆರೆಯಲ್ಲಿ ಮಂಡಿ ನಡೆಸುವವರು, ಗದಗಿನಲ್ಲಿ ಪ್ರೆಸ್ ಇರುವವರು, ಸಿರಸಿಯ ಅಡಿಕೆ ತೋಟದವರು ಅಲ್ಲಿ ಇಲ್ಲ. ಕೊಡುಗೈ ಇರುವವರು ಎಷ್ಟೋ ಸಲ ಅವರೇ.

ಸಾಫ್ಟ್‌ವೇರ್ ಮತ್ತು ಕನ್ಸಲ್ಟೆಂಟ್

ಡೋನರ್‌ಸರ್ಚ್, ವೆಲ್ತ್‌ಎಂಜಿನ್ ಇವೆಲ್ಲ ಅಮೆರಿಕದ ಮಾರುಕಟ್ಟೆಗೆ ಅಂತ ಮಾಡಿದವು. ಹೆಸರುಗಳ ಪಟ್ಟಿ ಹಾಕಿದರೆ ಪ್ರತಿಯೊಬ್ಬರ ಮುಂದೆ ಒಂದು ಅಂಕ ಬರುತ್ತದೆ. ಆ ಅಂಕ ಬರುವುದು ಅಲ್ಲಿನ ಮನೆ ದಾಖಲೆ, ಷೇರು ದಾಖಲೆ, ಚುನಾವಣಾ ದೇಣಿಗೆ, ಟ್ರಸ್ಟ್‌ಗಳ ತೆರಿಗೆ ಪತ್ರದಿಂದ. ರಾಣೆಬೆನ್ನೂರಿನ ಬೀಜ ವ್ಯಾಪಾರಿಯ ಹೆಸರು ಹಾಕಿದರೆ ಅದಕ್ಕೆ ಹೇಳಲು ಏನೂ ಇರುವುದಿಲ್ಲ. ಹಳೆ ವಿದ್ಯಾರ್ಥಿಗಳಲ್ಲಿ ಸಾವಿರಾರು ಜನ ಅಮೆರಿಕದಲ್ಲಿದ್ದರೆ ಮಾತ್ರ ಯೋಚನೆ ಮಾಡಿ. ಆಗಲೂ ವರ್ಷದ ಚಂದಾ ಕಟ್ಟುವ ಮುಂಚೆ ನಿಮಗೆ ಚೆನ್ನಾಗಿ ಗೊತ್ತಿರುವ 50 ಹೆಸರು ಕೊಟ್ಟು ಪರೀಕ್ಷೆ ಮಾಡಿ. ಆ ಐವತ್ತರಲ್ಲಿ ಎಷ್ಟು ಸರಿ ಬಂತು ಅಂತ ಎಣಿಸಿ.

ನಮ್ಮ ದೇಶದ ಆಲ್ಮಾಶೈನ್ಸ್, ವಾವೆ ಥರದ ವೇದಿಕೆಗಳು ಬೇರೆ ಜಾತಿಯವು. ಅವು ಹಳೆ ವಿದ್ಯಾರ್ಥಿಗಳ ಸಂಪರ್ಕ ಇಟ್ಟುಕೊಳ್ಳಲು, ಕಾರ್ಯಕ್ರಮ ನಡೆಸಲು ಇರುವಂಥವು. ಆ ಕೆಲಸಕ್ಕೆ ತಗೊಳ್ಳಿ, ತಾಕತ್ತು ಅಳೆಯಲು ಅಲ್ಲ. ನಿಜ ಹೇಳಬೇಕು ಅಂದರೆ 300 ಹೆಸರಿನವರೆಗೆ ಒಂದು ಎಕ್ಸೆಲ್ ಹಾಳೆ ಸಾಕು.

ಕನ್ಸಲ್ಟೆಂಟ್ ಬಗ್ಗೆ ನನ್ನ ಅನುಭವ ಮಿಶ್ರ. ಒಮ್ಮೆ ದುಡ್ಡು ಕೊಟ್ಟು 200 ಹೆಸರಿನ ಪಟ್ಟಿ ತರಿಸಿದೆವು. ಚೆಂದದ ಬೈಂಡಿಂಗ್. ಒಳಗೆ ಪೇಪರಿನಲ್ಲಿ ದಿನಾ ಓದುವ ಹೆಸರುಗಳು, ಫೋನ್ ನಂಬರ್ ಕಂಪನಿಯ ರಿಸೆಪ್ಶನ್ನಿನದು. ಇನ್ನೊಮ್ಮೆ ಬಂದವರು ಪಟ್ಟಿ ಕೊಡಲೇ ಇಲ್ಲ. ನಮ್ಮ ಜೊತೆ ಮೂರು ತಿಂಗಳು ಕೂತು ಫೈಲ್ ಬರೆಯುವುದು, ಷೇರು ಪಟ್ಟಿ ಓದುವುದು ಕಲಿಸಿದರು. ನಾನು ಈಗ ಮಾಡುತ್ತಿರುವ ಕೆಲಸದ ಅರ್ಧ ಅವರು ಕಲಿಸಿದ್ದು. ಹಾಗಾಗಿ ಕಲಿಸುವವರಿಗೆ ದುಡ್ಡು ಕೊಡಿ, ಪಟ್ಟಿ ಮಾರುವವರಿಗೆ ಬೇಡ. ಬಂದ ದಾನದಲ್ಲಿ ಇಷ್ಟು ಪರ್ಸೆಂಟ್ ಅಂತ ಕೇಳುವವರನ್ನು ಬಾಗಿಲಿನಿಂದಲೇ ಕಳಿಸಿ. ಅಮೆರಿಕದ ನಿಧಿ ಸಂಗ್ರಹಕಾರರ ಸಂಘ ತನ್ನ ನೀತಿ ಸಂಹಿತೆಯಲ್ಲೇ ಅದನ್ನು ಬೇಡ ಅಂದಿದೆ.

ಹೊರದೇಶದಲ್ಲಿ ಇರುವವರು

ಇಲ್ಲಿ ಮೊದಲ ಪ್ರಶ್ನೆ ದುಡ್ಡಿನದಲ್ಲ, ಪಾಸ್‌ಪೋರ್ಟಿನದು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡಿದ್ದರೆ, ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ನಿಮ್ಮ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಫೈಲಿನ ಮೊದಲ ಪುಟದಲ್ಲೇ ಇದನ್ನು ಬರೆದಿಡಿ. ಒಬ್ಬರು ಪ್ರೀತಿಯಿಂದ ಚೆಕ್ ಬರೆದ ಮೇಲೆ "ಇದನ್ನು ತಗೊಳ್ಳೋಕೆ ಆಗಲ್ಲ" ಅಂತ ಹೇಳುವಂಥ ನೋವು ಬೇರೆ ಇಲ್ಲ.

ಅಮೆರಿಕದ ಕುಟುಂಬ ಟ್ರಸ್ಟ್‌ಗಳ ತೆರಿಗೆ ಪತ್ರ, 990-ಪಿಎಫ್, ಸಾರ್ವಜನಿಕ. ಯಾರಿಗೆ ಎಷ್ಟು ಕೊಟ್ಟರು ಅಂತ ಅದರಲ್ಲಿದೆ. ಪ್ರೊಪಬ್ಲಿಕಾದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ನೋಡಬಹುದು. ಒಲವು ತಿಳಿಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಅಲ್ಲಿ 200 ಡಾಲರ್ ದಾಟಿದ ಚುನಾವಣಾ ದೇಣಿಗೆಯೂ ಹೆಸರು, ಉದ್ಯೋಗ ಸಮೇತ ಪ್ರಕಟವಾಗುತ್ತದೆ. ಆದರೆ ಆ ಪಟ್ಟಿಯಿಂದ ಹೆಸರು ಎತ್ತಿ ದೇಣಿಗೆ ಕೇಳುವುದಕ್ಕೆ ಅಲ್ಲಿನ ಕಾನೂನಿನ ತಡೆ ಇದೆ. ಇನ್ನು ಕನ್ನಡ ಕೂಟಗಳು. ಅಲ್ಲಿ ನಮ್ಮವರು ಸಿಗುತ್ತಾರೆ ನಿಜ, ಕೂಟದ ಸದಸ್ಯರ ಪಟ್ಟಿಯನ್ನು ಯಾರೋ ಪರಿಚಯದವರಿಂದ ಇಸ್ಕೊಂಡು ಬರಬೇಡಿ. ಕೂಟದ ಅಧ್ಯಕ್ಷರಿಗೆ ಪತ್ರ ಬರೆದು, ಅವರೇ ಸದಸ್ಯರಿಗೆ ತಿಳಿಸಲಿ ಅಂತ ಕೇಳಿ.

ಎಲ್ಲ ದಾರಿಗೂ ಒಂದೇ ಬೇಲಿ

2016ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರು ಎರಡು ದೊಡ್ಡ ದತ್ತಿ ಸಂಸ್ಥೆಗಳಿಗೆ ದಂಡ ಹಾಕಿದರು, ಮುಂದಿನ ಏಪ್ರಿಲ್‌ನಲ್ಲಿ ಇನ್ನೂ 11ಕ್ಕೆ. ತಪ್ಪುಗಳಲ್ಲಿ ಮುಖ್ಯವಾದದ್ದು, ದಾನಿಗಳಿಗೆ ಹೇಳದೆ ಅವರ ಆಸ್ತಿ ಅಳೆಯಲು ಹೊರಗಿನ ಕಂಪನಿಗೆ ಹೆಸರು ಕೊಟ್ಟದ್ದು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದಿವೆ. ಹಳೆ ವಿದ್ಯಾರ್ಥಿಗಳ ಫಾರಂನಲ್ಲಿ ಈ ಮಾಹಿತಿಯನ್ನು ಯಾವುದಕ್ಕೆ ಬಳಸುತ್ತೇವೆ ಅಂತ ಕನ್ನಡದಲ್ಲಿ ಎರಡು ಸಾಲು ಬರೆಯಿರಿ.

ದುಡ್ಡು ಎಲ್ಲಿಂದ ಬಂತು ಅನ್ನುವುದನ್ನೂ ನಾವೇ ನೋಡಬೇಕು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಲಿಬಿಯಾದ ಸರ್ವಾಧಿಕಾರಿ ಗಡಾಫಿಯ ಮಗನ ಪ್ರತಿಷ್ಠಾನದಿಂದ 15 ಲಕ್ಷ ಪೌಂಡ್ ದೇಣಿಗೆಗೆ ಒಪ್ಪಿತ್ತು. ಬಂದದ್ದು 3 ಲಕ್ಷ. 2011ರ ಮಾರ್ಚ್‌ನಲ್ಲಿ ಅದರ ನಿರ್ದೇಶಕರು ರಾಜೀನಾಮೆ ಕೊಡಬೇಕಾಯಿತು. ಕೋರ್ಟ್ ಕೇಸು, ಸಾಲ ಸುಸ್ತಿ, ತನಿಖೆ, ಇವನ್ನು ಹುಡುಕಲು ಅರ್ಧ ದಿನ ಸಾಕು. ಆ ಅರ್ಧ ದಿನ ಕೊಡದೆ ಯಾರ ಹೆಸರನ್ನೂ ಮೇಲಕ್ಕೆ ಕಳಿಸಬೇಡಿ.

ಹಾಗಾದರೆ ನಿಮಗೆ ಯಾವುದು?

ಐವತ್ತು ವರ್ಷ ದಾಟಿದ ಕಾಲೇಜು, ಕೈಯಲ್ಲಿ ದುಡ್ಡಿಲ್ಲ: ಬೀರು ಮತ್ತು ನೆನಪು. ಬೇರೆ ಏನೂ ಬೇಡ. ಹದಿನೈದು ವರ್ಷದ ಹೊಸ ವಿಶ್ವವಿದ್ಯಾಲಯ: ನಿಮ್ಮ ಹಳೆ ವಿದ್ಯಾರ್ಥಿಗಳು ಇನ್ನೂ ಮನೆ ಸಾಲ ಕಟ್ಟುತ್ತಿದ್ದಾರೆ, ಅವರನ್ನು ದೊಡ್ಡ ದಾನಕ್ಕೆ ಕೇಳಬೇಡಿ. ಸಿಎಸ್ಆರ್ ದಾಖಲೆ ಮತ್ತು ಒಲವು ಇರುವ ಊರಿನ ಉದ್ಯಮಿಗಳು ನಿಮ್ಮ ದಾರಿ. ಹಳೆಯ ಇಂಜಿನಿಯರಿಂಗ್ ಅಥವಾ ವೈದ್ಯಕೀಯ ಕಾಲೇಜು: ಬೀರುವಿನ ಜೊತೆಗೆ ಸೆಬಿ ಕರಡು ಪತ್ರಗಳು, ಅಮೆರಿಕದ ಟ್ರಸ್ಟ್ ಪತ್ರಗಳು, ಆಮೇಲೆ ಬೇಕಾದರೆ ಸಾಫ್ಟ್‌ವೇರ್. ವರ್ಷಕ್ಕೆ ಮೂರು ಲಕ್ಷ ಇದೆ, ಏನು ಮಾಡಲಿ ಅಂತ ಕೇಳಿದರೆ ನನ್ನ ಉತ್ತರ ಇದು: ಚಂದಾ ಕಟ್ಟಬೇಡಿ, ಕನ್ನಡ ಕೈಬರಹ ಓದಬಲ್ಲ, ಫೋನಿನಲ್ಲಿ ಚೆನ್ನಾಗಿ ಮಾತಾಡಬಲ್ಲ ಒಬ್ಬರನ್ನು ಇಟ್ಟುಕೊಳ್ಳಿ.

ಒಂದು ದೊಡ್ಡ ದಾನ ಬರಬೇಕಾದರೆ ಮೂರು ನಾಲ್ಕು ಗಟ್ಟಿ ಹೆಸರು ಬೇಕು. ಐದು ದಾನ ಬೇಕು ಅಂದರೆ ಇಪ್ಪತ್ತು ಫೈಲ್. ಒಂದೊಂದೂ ಎರಡು ಪುಟ ದಾಟದಿರಲಿ. ವಾರಕ್ಕೆ ಒಂದರಂತೆ ಬರೆದರೂ ಆರು ತಿಂಗಳೊಳಗೆ ಮುಗಿಯುತ್ತದೆ. ಪದಕದ ಪಟ್ಟಿಯಿಂದ ಶುರು ಮಾಡಿ. ಆ ಮನೆಯವರಿಗೆ ಈ ಸಲದ ಘಟಿಕೋತ್ಸವದ ಆಮಂತ್ರಣ ಕೈಯಾರೆ ಬರೆದು ಕಳಿಸಿ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಡಿ, ಪದಕ ಗೆದ್ದವರನ್ನು ಅವರ ಪಕ್ಕದಲ್ಲೇ ಕೂರಿಸಿ.